ಸಿಹಿ ಎಂದ ನಾಲಿಗೆ

ಬಸ್ರಾದ ಆ ಓಣಿಯಲ್ಲಿ ನಲ್ಲಿ ತಿರುಗಿಸಿದರೆ ನೀರೇನೋ ಬರುತ್ತಿತ್ತು. ಕುಡಿಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ತೊಳೆದಿಟ್ಟ ಪಾತ್ರೆ ಒಣಗುವಷ್ಟರಲ್ಲಿ ಬೆಳ್ಳಗೆ ಕಲೆ ಕಟ್ಟುತ್ತಿತ್ತು, ತಲೆಗೆ ಸುರಿದುಕೊಂಡರೆ ಕೂದಲು ಖರ್ಜೂರದ ನಾರಿನ ಹಾಗೆ ಸೆಟೆದು ನಿಲ್ಲುತ್ತಿತ್ತು. ಕುಡಿಯುವ ಸಿಹಿನೀರು ದಿನ ಬೆಳಗಾದರೆ ಲಫ್ತಾನ ನೀಲಿ ಟ್ಯಾಂಕರಿನಲ್ಲಿ ಬರಬೇಕು. ಅದು ಬಂದು ನಿಂತರೂ ಯಾರೂ ಕೊಳವೆಗೆ ಕ್ಯಾನು ಒಡ್ಡುತ್ತಿರಲಿಲ್ಲ. ಮೊದಲು ಫಖ್ರಿಯಾ ಒಂದು ಲೋಟ ಕುಡಿದು "ಸಿಹಿ" ಅನ್ನಬೇಕು. ಆಮೇಲೆ ಓಣಿಗೆ ಓಣಿಯೇ ಮುಗಿಬೀಳುತ್ತಿತ್ತು.

ಆ ನಾಲಿಗೆ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಜಾಸಿಬ್ ದೋಣಿ ನಡೆಸುತ್ತಿದ್ದ. ಆಗೆಲ್ಲ ಹೊಳೆಯ ನೀರನ್ನೇ ಮಣ್ಣಿನ ಹಂಡೆಗೆ ತುಂಬಿ, ಕೆಸರು ತಳಕ್ಕಿಳಿದ ಮೇಲೆ ಕುಡಿಯುತ್ತಿದ್ದರು. ಸಮುದ್ರದ ಉಪ್ಪು ಹೊಳೆಯಲ್ಲಿ ಮೇಲೇರಿ ಬರುವ ದಿನಗಳಲ್ಲಿ ಜಾಸಿಬ್ ಬೆರಳದ್ದಿ ಮಗಳ ನಾಲಿಗೆಗೆ ಸವರುತ್ತಿದ್ದ. "ಹೇಳು, ಎಲ್ಲಿದೆ ಉಪ್ಪು?" ಆರು ವರ್ಷದ ಫಖ್ರಿಯಾ ಕಣ್ಣು ಮುಚ್ಚಿಕೊಂಡು, "ನಾಲಿಗೆ ಹಿಂದೆ, ಅಪ್ಪಾ. ಒಂಚೂರೇ ಚೂರು" ಅನ್ನುತ್ತಿದ್ದಳು. ಅವಳು ಬೇಡ ಎಂದ ದಿನ ಹಂಡೆ ತುಂಬುತ್ತಿರಲಿಲ್ಲ.

ಈಗಿನವರ ನಾಲಿಗೆ ಹಾಗಿಲ್ಲ. ವರ್ಷಗಟ್ಟಲೆ ನಲ್ಲಿಯ ಸವಳು ನೀರಲ್ಲೇ ಬಾಯಿ ಮುಕ್ಕಳಿಸಿ ಅರ್ಧ ಉಪ್ಪು ಬೆರೆತರೂ ಅವರಿಗೆ ತಿಳಿಯದು. ಮೇಲಿಂದ ಚಹಾಕ್ಕೆ ಮೂರು ಚಮಚ ಸಕ್ಕರೆ. ಮೂರು ಬೇಸಿಗೆಯ ಹಿಂದೆ ಹೀಗೇ ಕೆಟ್ಟ ನೀರು ಕುಡಿದು ಓಣಿಯ ಅರ್ಧ ಜನ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದರು. ಎದುರುಮನೆಯ ನಜೀಹಾಳ ಮೊದಲ ಮೊಮ್ಮಗ ಅಲ್ಲಿಂದ ಮನೆಗೆ ಬರಲಿಲ್ಲ. ಅಂದಿನಿಂದ ಟ್ಯಾಂಕರಿನ ಮುಂದೆ ಫಖ್ರಿಯಾಳಿಗೊಂದು ಸ್ಟೂಲು ಬಿತ್ತು.

ಈ ಬೇಸಿಗೆಯ ಮೊದಲಲ್ಲಿ ಅವಳಿಗೆ ಜ್ವರ ಬಂತು. ಐದು ದಿನಕ್ಕೆ ಇಳಿಯಿತು. ಎದ್ದು ಒಂದು ಖರ್ಜೂರ ಬಾಯಿಗಿಟ್ಟಳು. ಹತ್ತಿ ಅಗಿದ ಹಾಗಾಯಿತು. ಉಪ್ಪಿನಕಾಯಿ ನೆಕ್ಕಿದಳು, ಏನೂ ಇಲ್ಲ. ಕಲ್ಲುಪ್ಪಿನ ಹರಳು ಇಟ್ಟುಕೊಂಡಳು, ಬರೀ ಕಲ್ಲು.

ಯಾರಿಗೂ ಹೇಳಲಿಲ್ಲ. ಇಂದಲ್ಲ ನಾಳೆ ರುಚಿ ಮರಳೀತು ಎಂದುಕೊಂಡಳು. ಬೆಳಗ್ಗೆ ಸ್ಟೂಲಿನ ಮೇಲೆ ಕೂತು ನೀರು ಗುಟುಕರಿಸುತ್ತ ಲಫ್ತಾನ ಮುಖ ನೋಡುವಳು. ಅವನು ಕಣ್ಣು ತಪ್ಪಿಸದಿದ್ದರೆ "ಸಿಹಿ" ಅನ್ನುವಳು. ಇಪ್ಪತ್ತು ದಿನ ಹೀಗೇ ನಡೆಯಿತು.

ಆ ಶುಕ್ರವಾರವೂ ಲಫ್ತಾ ಹಲ್ಲು ಬಿಟ್ಟುಕೊಂಡೇ ಇಳಿದ. ಓಣಿಯ ಕಿರಿಯರಿಗೆಲ್ಲ ಇರುವಂತೆ ಅವನಿಗೂ ಫಖ್ರಿಯಾ ಖಾಲಾ, ಚಿಕ್ಕಮ್ಮ.

"ಬೇಗ ಕುಡಿ ಖಾಲಾ, ಬಿಸಿಲು ಏರ್ತಿದೆ. ನಿನ್ನ ನಾಲಿಗೆಗೆ ಹೆದರೋಷ್ಟು ನನ್ನ ಹೆಂಡ್ತಿಗೂ ಹೆದರಲ್ಲ ನಾನು."

"ನಿನ್ನ ಹೆಂಡ್ತಿ ಪಾಪ, ನಿನ್ನ ಮಾತನ್ನೇ ಕುಡಿದು ಬದುಕಿದಾಳೆ" ಅಂದಳು ನಜೀಹಾ. ಹೆಂಗಸರು ನಕ್ಕರು.

ಫಖ್ರಿಯಾ ಕುಡಿದಳು. ಅವನ ಮುಖ ನೋಡಿದಳು. "ಸಿಹಿ" ಅಂದಳು.

ಮನೆಗೆ ಬಂದು ಪ್ರಾರ್ಥನೆಯ ಬಿಳಿ ವಸ್ತ್ರ ಒಗೆಯಲು ಕೂತಳು. ಅದನ್ನು ಮಾತ್ರ ಅವಳು ನಲ್ಲಿನೀರಿಗೆ ಹಾಕುತ್ತಿರಲಿಲ್ಲ. ಬೋಗುಣಿಗೆ ಈಗ ತಂದ ನೀರನ್ನೇ ಬಗ್ಗಿಸಿ ಹಸಿರು ಸಾಬೂನು ಉಜ್ಜಿದಳು. ನೊರೆ ಬರಲಿಲ್ಲ. ಇನ್ನೂ ಉಜ್ಜಿದಳು. ನೀರಿನ ಮೇಲೆ ಒಡೆದ ಹಾಲಿನ ಹಾಗೆ ಕರಣೆಕರಣೆಯಾಗಿ ಬೆಳ್ಳನೆಯ ಜಿಡ್ಡು ತೇಲಿತು. ನಲ್ಲಿನೀರಿನಲ್ಲಿ ದಿನವೂ ಕಾಣುವ ಅದೇ ಜಿಡ್ಡು.

ಕೈಯಿಂದ ಸಾಬೂನು ಜಾರಿತು. ಅವಳಿಗೆ ಮೊದಲು ನೆನಪಾದದ್ದು ನಜೀಹಾಳ ಸೊಸೆ ಸುಹಾದ್. ಅವಳಿಗೆ ಮಗು ಹುಟ್ಟಿ ಇನ್ನೂ ನಲವತ್ತು ದಿನ ತುಂಬಿಲ್ಲ. ಎದೆಹಾಲು ಸಾಲದೆ ಪುಡಿಹಾಲು ಕಲಸಿ ಬಾಟಲಿಯಲ್ಲಿ ಕುಡಿಸುತ್ತಾಳೆ. ಮಾತು ಬರುವ ಮಕ್ಕಳಾದರೆ ಉಪ್ಪು ಎಂದು ಉಗಿದಾವು, ಆ ಹಸುಳೆ ಏನೆಂದೀತು? ಹೇಳಿದರೆ ಇಪ್ಪತ್ತು ದಿನದ ಸುಳ್ಳು ಬೀದಿಗೆ ಬೀಳುತ್ತದೆ. ಹೇಳದಿದ್ದರೆ... ಅವಳು ಅದನ್ನು ಯೋಚಿಸುತ್ತ ಕೂರಲಿಲ್ಲ. ಬರಿಗಾಲಲ್ಲೇ ಓಣಿ ದಾಟಿದಳು. ಕಾದ ನೆಲ ಕಾಲು ಸುಟ್ಟದ್ದೂ ಗೊತ್ತಾಗಲಿಲ್ಲ.

ಸುಹಾದ್ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಬಾಟಲಿ ಅರ್ಧ ಖಾಲಿಯಾಗಿತ್ತು.

"ತೆಗಿ! ಬಾಯಿಂದ ತೆಗಿಯೇ ಅದನ್ನ!"

"ಅಯ್ಯೋ, ಏನಾಯ್ತು ಖಾಲಾ?"

"ಆ ನೀರು ಸರಿಯಿಲ್ಲ ಮಗಾ. ಸಾಬೂನು ಹಾಕಿದ್ರೆ ನೊರೆ ಬರ್ಲಿಲ್ಲ. ಸಿಹಿ ಅಂತ ಸುಳ್ಳು ಹೇಳ್ದೆ. ನನ್ನ ನಾಲಿಗೆ ಸತ್ತು ಇಪ್ಪತ್ತು ದಿನ ಆಯ್ತು."

ಅಡಿಗೆಮನೆಯಿಂದ ನಜೀಹಾ ಬಂದಳು. "ಇಪ್ಪತ್ತು ದಿನ ನಮ್ಮ ಕಣ್ಣಿಗೆ ಮಣ್ಣೆರಚಿದ್ಯಾ ಫಖ್ರಿಯಾ? ಒಂದನ್ನ ಹೂತು ಬಂದಿದೀನಿ ನಾನು, ಗೊತ್ತಿತ್ತಲ್ಲ ನಿಂಗೆ?"

"ಗೊತ್ತಿತ್ತು."

"ಹೋಗಾಚೆ!"

ಫಖ್ರಿಯಾ ಹೋಗಲಿಲ್ಲ. ಹೊಸಿಲ ಬಳಿ ಕೂತಳು. ನಜೀಹಾ ಓಣಿಗೆ ಕೇಳುವಂತೆ ಕೂಗಿ ಎಲ್ಲರ ಕ್ಯಾನುಗಳನ್ನೂ ಚರಂಡಿಗೆ ಸುರಿಸಿದಳು. ಪಕ್ಕದ ಮನೆಯಿಂದ ನಿನ್ನೆಯ ಒಂದು ಚೊಂಬು ನೀರು ಬಂತು, ಅದರಲ್ಲಿ ಸಾಬೂನು ನೊರೆ ಕೊಟ್ಟಿತು. ಅದನ್ನು ಕಾಯಿಸಿ, ಆರಿಸಿ, ಹೊಸದಾಗಿ ಹಾಲು ಕಲಸಿದರು. ಮಗು ಬಾಟಲಿಗೆ ಬಾಯಿ ಹಾಕಲಿಲ್ಲ. ಸುಮ್ಮನೆ ಬಿದ್ದುಕೊಂಡಿತ್ತು.

"ಇದು ಯಾಕೆ ಅಳ್ತಿಲ್ಲ?" ಎಂದಳು ಸುಹಾದ್.

ನಜೀಹಾ ಹತ್ತು ಸಲ ನೆತ್ತಿಯ ಮೇಲೆ ಅಂಗೈ ಇಟ್ಟು ನೋಡಿದಳು. ಸಾಯುವ ಮುನ್ನ ಮೊದಲ ಮೊಮ್ಮಗನ ನೆತ್ತಿ ಕುಳಿಬಿದ್ದದ್ದನ್ನು ಅವಳು ಕಂಡಿದ್ದಳು. ಫಖ್ರಿಯಾ ಅವಳ ಮುಖವನ್ನೇ ನೋಡುತ್ತಿದ್ದಳು, ಬೆಳಗ್ಗೆ ಲಫ್ತಾನ ಮುಖ ನೋಡಿದ ಹಾಗೆ. ಆಸ್ಪತ್ರೆಗೆ ಹೊರಡೋಣವೆಂದು ಸುಹಾದ್ ಎದ್ದು ನಿಂತಳು. ಮಸೀದಿಯಲ್ಲಿ ನಡುಹಗಲಿನ ಕರೆ ಎದ್ದಿತು. ಆಗ ಮಗು ಕಾಲು ಒದ್ದು, ಹಾಸಿದ ಬಟ್ಟೆಯನ್ನು ನೆನೆಸಿ, ಕಿರುಚಿ ಅತ್ತಿತು. ಬಾಟಲಿಗೆ ಬಾಯಿ ಹಾಕಿತು. ನಜೀಹಾ ಆ ಒದ್ದೆ ಬಟ್ಟೆಯನ್ನು ಮುಖಕ್ಕೊತ್ತಿಕೊಂಡು ಗೋಳೋ ಎಂದಳು. ಫಖ್ರಿಯಾ ಕಡೆ ತಿರುಗಲಿಲ್ಲ.

ಮರುದಿನ ಲಫ್ತಾನಿಗೆ ಓಣಿಯೇ ಮುತ್ತಿತು. ಅವನು ನೀರು ತುಂಬುವ ಕಡೆ ಉಪ್ಪು ತೆಗೆಯುವ ಯಂತ್ರದ ಪೊರೆ ಹರಿದಿತ್ತಂತೆ, ತನಗೇ ಗೊತ್ತಿರಲಿಲ್ಲವಂತೆ. ಫಖ್ರಿಯಾ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಜೀಹಾ ಬಂದು ಒಂದು ಗಾಜಿನ ಬಾಟಲಿ, ಒಂದು ತುಂಡು ಸಾಬೂನು ಅವಳ ಕೈಗೆ ತುರುಕಿದಳು.

"ಬಾ. ಮುಖ ನೋಡಿ ಹೇಳೋದಲ್ಲ ಈಗ. ಕಣ್ಣಾದ್ರೂ ನೆಟ್ಟಗಿದ್ಯೋ ಇಲ್ವೋ?"

ಫಖ್ರಿಯಾ ಸ್ಟೂಲಿನ ಮೇಲೆ ಕೂತು ನೀರಿಗೆ ಸಾಬೂನು ಹೆರೆದು ಹಾಕಿ ಬಾಟಲಿ ಕುಲುಕಿದಳು. ಕತ್ತಿನವರೆಗೂ ನೊರೆ ಎದ್ದು ನಿಂತಿತು. ಎಲ್ಲರೂ ಅವಳ ಬಾಯಿ ನೋಡಿದರು.

"ನೊರೆ ಬಂದಿದೆ" ಅಂದಳು. "ಗಡಸು ಇಲ್ಲ. ಒಳಗೆ ಇನ್ನೇನಿದ್ಯೋ ಸಾಬೂನು ಹೇಳಲ್ಲ. ಕುದಿಸಿ ಕುಡೀರಿ."

ಸಿಹಿ ಎಂಬ ಮಾತು ಮತ್ತೆಂದೂ ಅವಳ ಬಾಯಿಂದ ಬರಲಿಲ್ಲ. ಕ್ಯಾನುಗಳು ತುಂಬಿ ಎಲ್ಲರೂ ಒಳಗೆ ಹೋದ ಮೇಲೂ ಅವಳು ಬಿಸಿಲಲ್ಲಿ ಸ್ಟೂಲಿನ ಮೇಲೇ ಕೂತಿರುತ್ತಿದ್ದಳು. ಸುಹಾದಳ ಮಗುವಿನ ಅಳು ಕಿವಿಗೆ ಬೀಳುವವರೆಗೆ ಏಳುತ್ತಿರಲಿಲ್ಲ.