ಹಗೇವಿಗಿಳಿದ ಬ್ಯಾಟರಿ

ಎಂಬತ್ತರ ದಶಕದ ಆರಂಭ. ಬೇಸಿಗೆ ರಜೆ ಬಂತೆಂದರೆ ನಾನೂ ನಮ್ಮಣ್ಣ ಬಸಣ್ಣನೂ ಹೊನ್ನಾಳಿಯಿಂದ ಜಗಳೂರು ಕಡೆಯ ಅಜ್ಜಿಯ ಊರಿಗೆ ಬಸ್ಸು ಹತ್ತುತ್ತಿದ್ದ ಕಾಲ ಅದು. ನನ್ನ ಚೀಲದಲ್ಲಿ ಲಂಗಗಳು, ಅಣ್ಣನ ಚೀಲದಲ್ಲಿ ಮಾರ್ತಾಂಡ. ಬಾಡಿಗೆಗೆ ತರುತ್ತಿದ್ದ ಸಾಹಸದ ಪುಸ್ತಕಗಳ ನಾಯಕ ಅವನು. ಅಣ್ಣನ ವಯಸ್ಸಿನವನೇ, ಪುಸ್ತಕಕ್ಕೊಂದು ಯಂತ್ರ ಕಟ್ಟುವ ಆಸಾಮಿ. ಆ ಸಲ ಬ್ಯಾಟರಿ ಕಟ್ಟಿದ ಟೋಪಿ ಹಾಕಿಕೊಂಡು ಭೂಮಿಯ ಹೊಟ್ಟೆಗೇ ಇಳಿದಿದ್ದ. ಅಂದಮೇಲೆ ನಮ್ಮಣ್ಣ ಬಿಟ್ಟಾನೆಯೇ?

ಇಳಿಯಲು ಅಜ್ಜಿಯ ಅಂಗಳದಲ್ಲೇ ಹಗೇವು ಇತ್ತು. ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬರು ನುಸುಳುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಅವತ್ತು ಬೆಳಿಗ್ಗೆ ಅದರ ಚಪ್ಪಡಿ ಸರಿಸಿದ್ದರು. ಅಂಗಳದ ತುಂಬ ಮುಗ್ಗಲು ಜೋಳದ ವಾಸನೆ.

“ಹಗೇವು ಉಸಿರು ಬಿಡ್ಲಿ. ದೀಪ ಇಳಿಸಿ ನೋಡೋತನಕ ಯಾರೂ ಹತ್ರ ಹೋಗ್ಬ್ಯಾಡ್ರಿ” ಎಂದು ಹೇಳಿ ಅಜ್ಜಿ ರೊಟ್ಟಿ ತಟ್ಟಲು ಒಳಗೆ ಹೋದಳು.

“ಕತ್ಲಿಗೆ ದೀಪ ಬೇಕು ಅಷ್ಟೆ. ನಮ್ಮತ್ರ ಬ್ಯಾಟ್ರಿ ಐತಲ್ಲ” ಎಂದ ಅಣ್ಣ.

ಹಳೆಯ ಎಣ್ಣೆ ಡಬ್ಬಿಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬ್ಯಾಟರಿ ಬಿಗಿದು ತಲೆಗೆ ಹಾಕಿಕೊಂಡ. ಎದೆಗೆ ಬಾವಿಯ ಹಗ್ಗ. ಅದರ ಇನ್ನೊಂದು ತುದಿ ದನದ ಗೂಟಕ್ಕೆ. “ಹಗ್ಗ ಜಗ್ಗಿದ್ರೆ ಕೂಗು” ಎಂದು ನನಗೆ ಅಪ್ಪಣೆ ಕೊಟ್ಟು ಇಳಿದ.

“ಹೆಂಗೈತೋ?”

“ಬೆಳಕು ಚೆಂದ ಐತೆ ಕಣೇ, ಭಯ...” ಅಲ್ಲಿಗೆ ಮಾತು ನಿಂತಿತು.

ಬಗ್ಗಿ ನೋಡಿದೆ. ಬೆಳಕು ಗೋಡೆಯ ಮೇಲೆ ಚೆನ್ನಾಗಿಯೇ ಬಿದ್ದಿತ್ತು. ಬೆಳಕಿದೆಯಲ್ಲ, ನನ್ನನ್ನು ಆಟ ಆಡಿಸುತ್ತಿದ್ದಾನೆ ಅಂದುಕೊಂಡೆ. ಆದರೆ ಬೆಳಕು ಕದಲಲೇ ಇಲ್ಲ. “ಬಸಣ್ಣಾ” ಎಂದು ಕೂಗಿದೆ. ಇನ್ನೊಮ್ಮೆ ಕೂಗಿದೆ. ಲಂಗ ಒದ್ದೆಯಾಯಿತು. ಆಮೇಲೆ ಹೇಗೆ ಚೀರಿದೆನೋ, ಅಜ್ಜಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಪಕ್ಕದ ಮನೆಯ ಈರಣ್ಣಮಾವ ಗೋಡೆ ಹಾರಿ ಬಂದವನೇ ಹಗೇವಿಗೆ ಕಾಲಿಟ್ಟ. ಅಜ್ಜಿ ಅವನ ಅಂಗಿ ಹಿಡಿದು ಜಗ್ಗಿದಳು.

“ಇಳೀಬ್ಯಾಡೋ! ಇಳಿದ್ರೆ ನೀನೂ ಬರಲ್ಲ. ಹಗ್ಗ ಎಳಿ!”

ಮೂವರೂ ಎಳೆದೆವು. ಡಬ್ಬಿ ಹಗೇವಿನ ಬಾಯಿಯ ಕಲ್ಲಿಗೆ ಬಡಿದು ತಲೆಯಿಂದ ಕಳಚಿ ಒಳಗೇ ಬಿತ್ತು. ಮೇಲೆ ಬಂದ ಅಣ್ಣನ ತುಟಿ ನೇರಳೆ ತಿಂದವನ ಹಾಗಿತ್ತು. ಅಜ್ಜಿ ಮೊರದಿಂದ ಗಾಳಿ ಹಾಕುತ್ತ, ಬೆನ್ನು ಗುದ್ದುತ್ತ “ಉಸಿರು ತಗಳೋ ಬಸ್ಯಾ, ನನ್ನಪ್ಪಾ” ಅನ್ನುತ್ತಿದ್ದಳು. ನಾನು ಅವನ ಎದೆಯನ್ನಷ್ಟೇ ನೋಡುತ್ತಿದ್ದೆ. ಅದು ಅಲ್ಲಾಡುತ್ತಿರಲಿಲ್ಲ. ಕೊನೆಗೆ ಒಮ್ಮೆ ಬಿಕ್ಕಿದ, ವಾಂತಿ ಮಾಡಿಕೊಂಡ, ಜೋರಾಗಿ ಅತ್ತ. ಅಣ್ಣ ಅತ್ತದ್ದಕ್ಕೆ ನನಗೆ ಸಂತೋಷವಾದದ್ದು ಅದೊಂದೇ ಸಲ.

ಅಜ್ಜಿ ಬೈಯಲಿಲ್ಲ. ಬುಡ್ಡಿ ದೀಪ ಹಚ್ಚಿ, ಹಗ್ಗಕ್ಕೆ ಕಟ್ಟಿ, ನಮ್ಮೆದುರೇ ಹಗೇವಿಗೆ ಇಳಿಬಿಟ್ಟಳು. ಆಳುದ್ದ ಹೋಗುವಷ್ಟರಲ್ಲಿ ಒಳ್ಳೆಯ ಗಾಳಿ ಸಿಗದೆ ಅದು ಆರಿತು. ಅದರ ಕೆಳಗೆ ಮಾರ್ತಾಂಡನ ಬ್ಯಾಟರಿ ಏನೂ ಆಗದ ಹಾಗೆ ಉರಿಯುತ್ತಲೇ ಇತ್ತು. ನನಗೆ ನಿಜವಾದ ಹೆದರಿಕೆ ಹತ್ತಿದ್ದು ಆಗ.

ಈಗ ಅಜ್ಜಿಯೂ ಇಲ್ಲ, ಹಗೇವೂ ಇಲ್ಲ. ಅದನ್ನು ಮುಚ್ಚಿ ಮೇಲೆ ಸಿಮೆಂಟು ಹಾಕಿದ್ದಾರೆ. ಅಣ್ಣ ಗಟ್ಟಿಮುಟ್ಟಾಗಿದ್ದಾನೆ. ಆದರೆ ಅವತ್ತಿನಿಂದ ಅವನು ಒಂದು ಗಾಳಿಪಟವನ್ನೂ ಕಟ್ಟಲಿಲ್ಲ. ಮೊನ್ನೆ ಕರೆಂಟು ಹೋದಾಗ ಅವನ ಮೊಮ್ಮಗ ಮೊಬೈಲಿನ ಬೆಳಕು ಹಾಕಿದ. ಅಣ್ಣ ಮಾತ್ರ ತಡಕಾಡುತ್ತ ಬೆಂಕಿಪೊಟ್ಟಣ ಹುಡುಕಿದ.

“ಬೆಳಕು ಐತಲ್ಲ ತಾತ?” ಎಂದು ಹುಡುಗ ನಕ್ಕ.

ಅಣ್ಣ ದೀಪ ಹಚ್ಚಿ, ಅದು ನೆಟ್ಟಗೆ ನಿಂತು ಉರಿಯುವುದನ್ನು ನೋಡಿದ ಮೇಲೇ ಕೂತ. ನನಗೆ ನಗು ಬರಲಿಲ್ಲ. ಅವತ್ತು ನಾವು ಅಣ್ಣನನ್ನು ಮೇಲೆಳೆದುಕೊಂಡೆವು. ಮಾರ್ತಾಂಡ ಅಲ್ಲೇ ಉಳಿದುಬಿಟ್ಟ.