ಬಾಯಮ್ಮನ ಜಗಲಿಯಲ್ಲಿ ಗೋವಾ ರೇಡಿಯೋ

ಮಣಿಪಾಲದ ಒಂದು ಹೋಟೆಲಿನಲ್ಲಿ ಹಳೆಯ ಕಾಲದ ಸಾಮಾನುಗಳನ್ನು ತಿಕ್ಕಿ ತೊಳೆದು ಗೋಡೆಯುದ್ದಕ್ಕೂ ಇಟ್ಟಿದ್ದಾರೆ. ಮೊನ್ನೆ ಊಟಕ್ಕೆ ಕರೆದುಕೊಂಡು ಹೋದ ಮೊಮ್ಮಗ ಕೈ ತೊಳೆಯಲು ಎದ್ದದ್ದೇ ತಡ, ನಾನು ಅಲ್ಲಿದ್ದ ಮರದ ಪೆಟ್ಟಿಗೆಯ ರೇಡಿಯೋವನ್ನು ತಿರುಗಿಸಿ, ಬೆನ್ನಿನ ರಟ್ಟನ್ನು ಸರಿಸಿ, ಮೂಗನ್ನು ಒಳಗೆ ತೂರಿಸಿದೆ. ಹೊರಗಿನಿಂದ ಎಷ್ಟೇ ಒರೆಸಲಿ, ಒಳಗಿನದು ಹೋಗುವುದಿಲ್ಲ ನೋಡಿ. ಬಿಸಿಯಾಗಿ ಬಿಸಿಯಾಗಿ ಸುಟ್ಟ ಧೂಳು, ಅರಗು, ಜಿರಳೆ, ಇವೆಲ್ಲ ಸೇರಿದ ಒಂದು ವಾಸನೆ. "ಅಜ್ಜೀ, ಎಂತ ಮಾಡ್ತಿದ್ದೀರಿ? ಎಲ್ಲರೂ ನೋಡ್ತಿದ್ದಾರೆ!" ಎಂದು ಹುಡುಗ ಓಡಿ ಬಂದ. "ಒಳಗೆ ಮಾತಾಡುವವರು ಇನ್ನೂ ಇದ್ದಾರಾ ಅಂತ ನೋಡಿದ್ದು ಮಾರಾಯ," ಎಂದೆ. ಪಕ್ಕದ ಮೇಜಿನವರು ನಕ್ಕರು. ಎಪ್ಪತ್ತೈದು ದಾಟಿದರೂ ನಾಲ್ಕು ಜನರನ್ನು ನಗಿಸದೆ ನನಗೆ ಅನ್ನ ಇಳಿಯುವುದಿಲ್ಲ. ಆದರೆ ಆ ದಿನ ಅನ್ನ ಇಳಿಯಲಿಲ್ಲ. ಹೋಟೆಲಿನ ಗದ್ದಲವೆಲ್ಲ ದೂರವಾಗಿ, ನಾನು ಕಟಪಾಡಿಯ ಒಂದು ಜಗಲಿಯಲ್ಲಿ ಕಾಲು ಮಡಚಿ ಕೂತಿದ್ದೆ.

ಅದು ನಮ್ಮ ನೆರೆಮನೆಯ ಜಗಲಿ. ತುಳು ಮಾತಾಡುವ ನಾವು ಕ್ರಿಶ್ಚನ್ ಗಂಡಸರನ್ನು ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ರೂಢಿ. ಆ ಮನೆಯ ಯಜಮಾನ ಲಾದ್ರು ಪೊರ್ಬುಗಳು, ಅವರ ಹೆಂಡತಿ ಸೆರಾಫಿನ್ ಬಾಯಮ್ಮ. ಅಂಗಳದ ತುಂಬ ಮಲ್ಲಿಗೆ ಗಿಡ. ಬೇಲಿಯಲ್ಲಿ ನಾನು ನುಸುಳಿ ನುಸುಳಿಯೇ ಆದ ಒಂದು ಕಂಡಿ. ನಮ್ಮ ಮನೆಯಲ್ಲಿ ಗಂಜಿ ಉಂಡು, ಅವರ ಮನೆಯಲ್ಲಿ ಸಣ್ಣ ಮೀನಿನ ಸಾರಿನ ಜೊತೆ ಇನ್ನೊಮ್ಮೆ ಉಣ್ಣುತ್ತಿದ್ದ ನನಗೆ ಕೊಂಕಣಿ ಯಾರೂ ಕಲಿಸದೆ ಬಂದಿತ್ತು. ಅವರ ಒಬ್ಬಳೇ ಮಗಳು ಎವ್ಜಿನ್. ನನ್ನನ್ನು ಸೊಂಟದಲ್ಲಿ ಎತ್ತಿಕೊಂಡು ತಿರುಗಿದವಳು, ಹಾಡುತ್ತಲೇ ಬಾವಿಯಿಂದ ನೀರು ಸೇದುತ್ತಿದ್ದವಳು. ಅವಳನ್ನು ಗೋವಾಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ಆಗಿನ್ನೂ ಪೋರ್ಚುಗೀಸರ ಆಡಳಿತ. ಅಳಿಯ ಆ ಸರಕಾರದ ಕಚೇರಿಯಲ್ಲಿ ಗುಮಾಸ್ತ. ಮದುವೆಯ ಮರುವರ್ಷ ಅವನೇ ಹೊತ್ತು ತಂದದ್ದು ಆ ಬ್ಯಾಟರಿ ರೇಡಿಯೋ. ಅವನು ತಿರುಗಿ ಹೋದ ಮೇಲೆ ಗಡಿ ಮುಚ್ಚಿತು. ಹೋಗುವ ಹಾಗಿಲ್ಲ, ಬರುವ ಹಾಗಿಲ್ಲ. ಕಾಗದ ಸುತ್ತಿ ಬಳಸಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ತಪ್ಪದೆ ಬರುತ್ತಿದ್ದದ್ದು ಭಾನುವಾರ ಸಂಜೆ ಗೋವಾ ರೇಡಿಯೋದ ಕೊಂಕಣಿ ಹಾಡುಗಳು ಮಾತ್ರ. ತಿಂಗಳಿಗೆ ಒಂದೋ ಎರಡೋ ಸಲ ಆ ಹಾಡುಗಳಲ್ಲಿ ಎವ್ಜಿನಳ ಸ್ವರ ಇರುತ್ತಿತ್ತು.

ಯಾವ ವಾರ ಎಂದು ಮೊದಲೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಎಲ್ಲ ವಾರವೂ ಜಗಲಿ ತುಂಬುತ್ತಿತ್ತು. ನನ್ನ ಅಮ್ಮ, ಪೇಟೆಯಲ್ಲಿ ಚಾದ ಅಂಗಡಿ ಇಟ್ಟಿದ್ದ ತ್ಯಾಂಪಣ್ಣ, ಆಚೀಚೆಯ ಹೆಂಗಸರು. ಪೊರ್ಬುಗಳು ತೆಂಗಿನ ಮರಕ್ಕೆ ಕಟ್ಟಿದ ತಂತಿಯನ್ನು ಒಮ್ಮೆ ಎಳೆದು ನೋಡಿ, ಗುಂಡಿ ತಿರುಗಿಸಿ, ಒಳಗಿನ ಬಲ್ಬು ಬಿಸಿಯಾಗುವವರೆಗೆ ಎದೆಯ ಮೇಲೆ ಕೈಕಟ್ಟಿ ನಿಲ್ಲುತ್ತಿದ್ದರು. ಮೊದಲು ಆ ಬಿಸಿ ಧೂಳಿನ ವಾಸನೆ, ಆಮೇಲೆ ಬಾಣಲೆಗೆ ಮೀನು ಹಾಕಿದಂಥ ಸದ್ದು, ಆಮೇಲೆ ಹಾಡು. ಬಾಯಮ್ಮ ಬಾಳೆಯ ನಾರಿನಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿರುತ್ತಿದ್ದರು. ನಾವು ಯಾರೂ ರೇಡಿಯೋ ನೋಡುತ್ತಿರಲಿಲ್ಲ, ಅವರ ಬೆರಳು ನೋಡುತ್ತಿದ್ದೆವು. ಬೆರಳು ನಿಂತಿತೋ, ಎವ್ಜಿನ್ ಬಂದಳು ಎಂದು ಅರ್ಥ. ಹಾಡು ಮುಗಿದ ಮೇಲೆ ತ್ಯಾಂಪಣ್ಣ, "ಸ್ವರ ಸ್ವಲ್ಪ ದಪ್ಪ ಆಗಿದೆ ಬಾಯಮ್ಮ, ಅಲ್ಲಿ ಊಟ ಒಳ್ಳೆಯದುಂಟು ಅಂತ ಕಾಣ್ತದೆ," ಎನ್ನುತ್ತಿದ್ದ. "ಶೀತ ಆಗಿರ್ಬೇಕು ತ್ಯಾಂಪಾ. ತಲೆ ಒರೆಸಿಕೊಳ್ಳುವುದಿಲ್ಲ ಅವಳು," ಎಂದು ಬಾಯಮ್ಮ ಮತ್ತೆ ನಾರು ಎತ್ತಿಕೊಳ್ಳುತ್ತಿದ್ದರು. ಇದೇ ರೇಡಿಯೋ ಮುಂದೆ ನಾನೂ ನನ್ನ ವಿದ್ಯೆ ಕಲಿತದ್ದು. ಹೇಳಿಕೊಳ್ಳಬಾರದು, ಆದರೆ ಹೇಳಿಕೊಳ್ಳದಿದ್ದರೆ ನಿಮಗೆ ಗೊತ್ತಾಗುವುದು ಹೇಗೆ? ಉಡುಪಿಯಿಂದ ಹೆಜಮಾಡಿಯವರೆಗೆ ನನ್ನ ಹಾಗೆ ಇನ್ನೊಬ್ಬರ ಸ್ವರ ತೆಗೆಯುವವರು ಇರಲಿಲ್ಲ. ಹೆಡ್‌ಮಾಸ್ತರರ ಸ್ವರದಲ್ಲಿ ಶಾಲೆಗೆ ರಜೆ ಕೊಟ್ಟವಳು ನಾನು. ಬಸ್ಸಿನ ಕಂಡಕ್ಟರನ ಸ್ವರದಲ್ಲಿ "ರೈಟ್" ಎಂದು, ಕಂಡಕ್ಟರನನ್ನೇ ಕಟಪಾಡಿಯಲ್ಲಿ ಬಿಟ್ಟು ಬಸ್ಸನ್ನು ಕಾಪುವಿಗೆ ಕಳಿಸಿದವಳೂ ನಾನೇ.

ನನಗೆ ಹನ್ನೊಂದಾದಾಗ, ಅರವತ್ತೊಂದರಲ್ಲಿ, ಗೋವಾದ ಮಾತು ಎಲ್ಲ ಕಡೆ ಎದ್ದಿತು. ಪೇಪರಿನಲ್ಲಿ ಗೋವಾ, ಚಾದ ಅಂಗಡಿಯಲ್ಲಿ ಗೋವಾ, ಮೀನಿನ ಬುಟ್ಟಿಯ ಸುತ್ತ ಗೋವಾ. ಶಾಲೆಯಿಂದ ಮೆರವಣಿಗೆ ಹೊರಟಿತು. "ಗೋವಾ ನಮ್ಮದು!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ನಾನು. ಕೂಗಿದ್ದಕ್ಕೆ ಇಂದಿಗೂ ಬೇಸರವಿಲ್ಲ. ನಮ್ಮ ಮನೆಯೊಳಗೆ ಇನ್ನೊಬ್ಬ ಬಂದು ಕೂತರೆ ಏಳು ಎನ್ನಬೇಡವೇ? ಲಾದ್ರು ಪೊರ್ಬುಗಳೂ ಬಿಳಿ ಅಂಗಿ ಹಾಕಿಕೊಂಡು ಮೆರವಣಿಗೆಯ ಜೊತೆ ಪೇಟೆಯವರೆಗೆ ನಡೆದರು. ಆದರೂ ಅಂಗಡಿಯ ಬೆಂಚಿನಿಂದ ಯಾರೋ, "ಪೊರ್ಬುಗಳೇ, ನೀವು ಯಾರ ಕಡೆ?" ಎಂದು ಕೇಳಿದರು. "ನಾನು ಕಟಪಾಡಿ ಕಡೆ ಮಾರಾಯ. ಆ ಪರಂಗಿಗಳ ಕಾಟ ತಡೆಯದೆ ನಮ್ಮ ಅಜ್ಜನ ಅಜ್ಜನ ಅಜ್ಜ ಗೋವಾ ಬಿಟ್ಟು ಓಡಿ ಬಂದದ್ದು. ನಿಮಗಿಂತ ಮೊದಲೇ ಅವರ ಮೇಲೆ ಸಿಟ್ಟು ನಮಗೆ," ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಆದರೆ ಆ ಪ್ರಶ್ನೆ ದಿನಾ ಬರತೊಡಗಿತು. ಭಾನುವಾರದ ಜಗಲಿಯಲ್ಲಿ ಜನ ಕಡಿಮೆಯಾಗಲಿಲ್ಲ, ಆದರೆ ಹಾಡಿನ ಮಧ್ಯೆ ಅರ್ಥವಾಗದ ಪೋರ್ಚುಗೀಸ್ ಮಾತು ಬಂದರೆ ಈಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಈ ಬಿಗಿ ನನಗೆ ಹಿಡಿಸಲಿಲ್ಲ. ಇದನ್ನು ನಗಿಸಿ ಸಡಿಲ ಮಾಡಬೇಕು, ಅದು ನನ್ನಿಂದ ಮಾತ್ರ ಸಾಧ್ಯ ಎಂದುಕೊಂಡೆ.

ಒಂದು ಭಾನುವಾರ ಸಂಜೆ ರೇಡಿಯೋದಲ್ಲಿ ಬರೀ ಗರಗರ. ನಾನು ಹಿಂಬಾಗಿಲಿನಿಂದ ಅಡಿಗೆಮನೆಗೆ ನುಗ್ಗಿ, ಚಿಮಿಣಿ ಎಣ್ಣೆ ಹೊಯ್ಯುವ ಲಾಳಿಕೆ ಎತ್ತಿಕೊಂಡು, ರೇಡಿಯೋ ಇಟ್ಟಿದ್ದ ಹಲಗೆಯ ಗೋಡೆಯ ಆಚೆ ಕೂತೆ. ಲಾಳಿಕೆಯನ್ನು ಹಲಗೆಯ ಸಂದಿಗೆ ಒತ್ತಿ, ಅಗಲದ ಬಾಯಿಗೆ ನನ್ನ ಬಾಯಿಟ್ಟು, ಹಾಡುಗಳ ಮಧ್ಯೆ ಗೋವಾದಿಂದ ವಾರ್ತೆ ಓದುತ್ತಿದ್ದವನ ಸ್ವರ ತೆಗೆದೆ. ಮೊದಲು ಪೋರ್ಚುಗೀಸಿನ ಹಾಗೆ ಕೇಳುವ ಏನೋ ಬಡಬಡಿಕೆ, ಆಮೇಲೆ ಕೊಂಕಣಿಯಲ್ಲಿ ವಾರ್ತೆ: ನಮ್ಮ ಹಡಗುಗಳು ಕಾಪುವಿನ ದೀಪಸ್ತಂಭಕ್ಕೆ ಬರುತ್ತಿವೆ, ಕಟಪಾಡಿಯ ನಮ್ಮವರೆಲ್ಲ ಸಿದ್ಧರಾಗಿರಬೇಕು. ಅಷ್ಟು ಹೇಳಿ, ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಬಾಯಿ ಮುಚ್ಚಿ ಕಾದೆ. ಯಾರೂ ನಗಲಿಲ್ಲ. ಬೆಂಚು ಮಗುಚಿದ ಸದ್ದು ಕೇಳಿತು. ನಾನು ಹೊರಗೆ ಬರುವಾಗ ಜಗಲಿ ಖಾಲಿ. ಪೊರ್ಬುಗಳು ರೇಡಿಯೋದ ಗುಂಡಿಯನ್ನು ಅತ್ತಿತ್ತ ತಿರುಗಿಸುತ್ತಿದ್ದರು. ಬಾಯಮ್ಮ ನನ್ನನ್ನು ಒಮ್ಮೆ ನೋಡಿ, "ಮನೆಗೆ ಹೋಗು ಗಿರಿಜಾ. ಮುಖ ತೊಳಕೊಂಡು ಹೋಗು," ಎಂದರು.

ಬೆಳಗಾಗುವಾಗ ಅಂಗಳದಲ್ಲಿ ಹತ್ತು ಹನ್ನೆರಡು ಜನ. ಮುಂದೆ ತ್ಯಾಂಪಣ್ಣ. ಅವನಿಗೆ ಕೊಂಕಣಿ ಅರ್ಥವಾಗುತ್ತಿತ್ತು. ಹಾಗಾಗಿ ಊರಿಗೆಲ್ಲ ವಾರ್ತೆ ಮುಟ್ಟಿಸಿದವನೂ ಅವನೇ. "ಪೊರ್ಬುಗಳೇ, ನಿಮ್ಮ ಮೇಲೆ ನಮಗೆ ಏನೂ ಇಲ್ಲ. ಆ ಪೆಟ್ಟಿಗೆ ಕೊಡಿ. ಎಲ್ಲ ಸರಿಯಾಗುವವರೆಗೆ ನಮ್ಮ ಅಟ್ಟದಲ್ಲಿ ಇರಲಿ," ಎಂದ. ಅವನ ಕಣ್ಣು ನೆಲದಲ್ಲಿತ್ತು. "ಏನೂ ಇಲ್ಲದಿದ್ದರೆ ಇಷ್ಟು ಜನ ಎಂತಕ್ಕೆ ತ್ಯಾಂಪಾ? ನಿನ್ನ ಮಗಳ ಮದುವೆಗೆ ಈ ಅಂಗಳದ ಹೂವೇ ಹೋದದ್ದಲ್ವಾ?" ಎಂದರು ಪೊರ್ಬುಗಳು. ಹಿಂದಿನಿಂದ ಯಾರೋ, "ಹೂವಿನ ಮಾತು ಬೇಡ, ಹಡಗಿನ ಮಾತು ಹೇಳಿ," ಎಂದರು. ನಾನು ಬೇಲಿಯ ಕಂಡಿಯಲ್ಲಿ ಅರ್ಧ ಈಚೆ ಅರ್ಧ ಆಚೆ ನಿಂತಿದ್ದೆ. ಹತ್ತು ಸ್ವರ ತೆಗೆಯುವ ನನಗೆ ಆ ಬೆಳಿಗ್ಗೆ ನನ್ನದೊಂದು ಸ್ವರ ಬರಲಿಲ್ಲ. ಬಾಯಮ್ಮ ಒಳಗೆ ಹೋಗಿ, ರೇಡಿಯೋವನ್ನು ಮಗುವಿನ ಹಾಗೆ ಬೆಡ್‌ಶೀಟಿನಲ್ಲಿ ಸುತ್ತಿ ತಂದು ತ್ಯಾಂಪಣ್ಣನ ಕೈಯಲ್ಲಿಟ್ಟರು. "ಒಲೆಯ ಹೊಗೆ ತಾಗದ ಹಾಗೆ ಇಡು," ಎಂದರು. ಆಮೇಲಿನ ಭಾನುವಾರಗಳಲ್ಲಿ ಆ ಜಗಲಿಯಲ್ಲಿ ಅವರ ಬೆರಳು ನಿಲ್ಲದೆ ಕಟ್ಟುತ್ತಿತ್ತು.

ಡಿಸೆಂಬರಿನಲ್ಲಿ ನಮ್ಮ ಸೈನ್ಯ ಗೋವಾಕ್ಕೆ ನುಗ್ಗಿತು, ಒಂದೆರಡು ದಿನದಲ್ಲಿ ಎಲ್ಲ ಮುಗಿಯಿತು. ಪೇಟೆಯಲ್ಲಿ ಲಾಡು ಹಂಚಿದರು. ತ್ಯಾಂಪಣ್ಣ ಅದೇ ಬೆಡ್‌ಶೀಟಿನಲ್ಲಿ ರೇಡಿಯೋ ಸುತ್ತಿಕೊಂಡು, ಮೇಲೆ ಲಾಡಿನ ಪೊಟ್ಟಣ ಇಟ್ಟುಕೊಂಡು ಬಂದ. ಜಗಲಿ ಹತ್ತಲಾರದೆ ಮೆಟ್ಟಿಲಲ್ಲೇ ಕೂತು ಅತ್ತ. "ತಪ್ಪಾಯ್ತು ಬಾಯಮ್ಮ. ಆಗ ಎಂತ ಆಗಿತ್ತೋ ನಮಗೆ." ಬಾಯಮ್ಮ ಅವನಿಗೆ ಕಾಫಿ ಕೊಟ್ಟರು. ಅವರಿಗೆ ಅಳಲು ಸಮಯವೇ ಇರಲಿಲ್ಲ. ಗಡಿ ತೆರೆಯಿತಲ್ಲ, ಇನ್ನು ಮಗಳು ಬರುತ್ತಾಳೆ! ಚಾಪೆ ಒಗೆದರು, ಕೋಳಿ ಸಾಕಿದರು, ಹುಟ್ಟಿದ್ದು ಕಾಗದದಲ್ಲಷ್ಟೇ ಗೊತ್ತಿದ್ದ ಮೊಮ್ಮಗುವಿಗೆಂದು ತೊಟ್ಟಿಲಿಗೆ ಹೊಸ ಹಗ್ಗ ಕಟ್ಟಿಸಿದರು.

ಜನವರಿಯಲ್ಲಿ ಬಂದದ್ದು ಎವ್ಜಿನ್ ಅಲ್ಲ. ಕಾರ್ಕಳದ ಅತ್ತೂರಿನ ಇಗರ್ಜಿಯ ಹಬ್ಬಕ್ಕೆ ಹೊರಟ ಗೋವಾದ ಹೆಂಗಸೊಬ್ಬರು, ಎವ್ಜಿನಳ ನೆರೆಮನೆಯವರು, ದಾರಿಯಲ್ಲಿ ಇಳಿದು ಬಂದಿದ್ದರು. ಸೈನ್ಯ ಬರುವ ಸುದ್ದಿಗೆ ಹೆದರಿದ ಅಳಿಯ ಹೆಂಡತಿ ಮಗುವಿನ ಜೊತೆ ಹಡಗು ಹತ್ತಿ ಲಿಸ್ಬನ್ನಿಗೆ ಹೋಗಿಬಿಟ್ಟಿದ್ದ. ಆಚೆಯ ಸರಕಾರದ ಸಂಬಳ ತಿಂದವನನ್ನು ಈಚೆಯವರು ಬಿಡುತ್ತಾರಾ ಎಂಬ ಭಯ. "ಅದೆಲ್ಲ ನಿಮಗೆ ಗೊತ್ತುಂಟಲ್ಲ," ಎಂದರು ಆ ಹೆಂಗಸು. "ಹೋಗುವ ಹಿಂದಿನ ಭಾನುವಾರ ರೇಡಿಯೋದಲ್ಲಿ ಹಾಡಿ, ಕೊನೆಗೆ ನಿಮ್ಮ ಹೆಸರು ಹೇಳಿ ಮಾತಾಡಿದಳಲ್ಲ. ನಮ್ಮ ಬೀದಿಯವರೆಲ್ಲ ಅತ್ತರು. ಅಮ್ಮ ಕೇಳಿಯೇ ಕೇಳ್ತಾರೆ ಅಂತ ಹೇಳ್ತಿದ್ದಳು. ಕೇಳಿದಿರಲ್ಲ?" ನಾನು ಕಂಬಕ್ಕೆ ಒರಗಿ ಕೂತಿದ್ದೆ. ಬಾಯಮ್ಮ ನನ್ನ ಕಡೆ ನೋಡಲಿಲ್ಲ. ನೋಡಲಿಲ್ಲ ಎಂಬುದೇ ನನಗೆ ಇಂದಿಗೂ ಉರಿ. "ಹೌದು," ಎಂದರು, "ಕೇಳಿದೆ. ಚೆನ್ನಾಗಿ ಕೇಳಿತು."

ಪೊರ್ಬುಗಳು ಕಾಗದ ಬರೆಸಿಕೊಂಡು ಅಂಚೆ ಕಚೇರಿಗೆ ಹೋದರು. ಆ ದೇಶಕ್ಕೂ ನಮಗೂ ಈಗ ಮಾತಿಲ್ಲ ಪೊರ್ಬುಗಳೇ, ಎಂದು ಅಲ್ಲಿಯವರು ಪಾಪ, ಮೆಲ್ಲಗೆ ಹೇಳಿದರಂತೆ. ಗೋವಾ ನಮ್ಮದಾಯಿತು, ಎವ್ಜಿನ್ ಪರದೇಶದವಳಾದಳು. ಎರಡು ದೇಶಗಳು ಮುಖ ತಿರುಗಿಸಿಕೊಂಡದ್ದಕ್ಕೆ ಕಾರಣ ಬೇಕಾದಷ್ಟಿರಬಹುದು. ಆದರೆ ಕೊನೆಯ ಆ ಒಂದು ಮಾತು ಬಾಯಮ್ಮನಿಗೆ ತಲುಪದೆ ಹೋದದ್ದು ದೇಶಗಳಿಂದಲ್ಲ, ನನ್ನಿಂದ.

ಆ ಬೇಸಿಗೆಯ ಒಂದು ಮಧ್ಯಾಹ್ನ ಬಾಯಮ್ಮ ಮನೆಯೊಳಗೆ ಕೂತು ಮಲ್ಲಿಗೆ ಕಟ್ಟುತ್ತ, ಮಳೆ ಬರುವ ಹಾಗುಂಟು ಎಂಬಷ್ಟೇ ಸಾದಾ ದನಿಯಲ್ಲಿ, "ಆ ದಿನ ನಿನ್ನ ಬಾಯಿಯ ಸುತ್ತ ಚಿಮಿಣಿ ಎಣ್ಣೆಯ ಉರುಟು ಗೆರೆ ಇತ್ತು," ಎಂದರು. "ಹೇಳ್ಲಿಲ್ಲ ಯಾಕೆ ಬಾಯಮ್ಮ?" ಎಂದೆ. "ಹೇಳಿದರೆ ನಿನ್ನ ಅಪ್ಪ ನಿನ್ನ ಕೈಕಾಲು ಮುರಿಯುತ್ತಿದ್ದ. ಮತ್ತೆ, ಅವರು ನಂಬುತ್ತಿದ್ದರಾ? ಆ ದಿನ ಅವರಲ್ಲಿ ಒಬ್ಬನೂ ನನ್ನ ಮುಖ ನೋಡ್ಲಿಲ್ಲ ಮಗಾ, ನನ್ನ ಕುತ್ತಿಗೆಯ ಶಿಲುಬೆ ನೋಡಿದ್ದು. ಹಡಗು ಅವರ ಮನಸ್ಸಿಗೆ ಮೊದಲೇ ಬಂದಿತ್ತು." ನಾರು ಕೆಳಗಿಟ್ಟು, ನನ್ನ ಕಡೆ ತಿರುಗಿದರು. "ನಿನಗೆ ಎಲ್ಲರ ಸ್ವರ ಬರ್ತದಲ್ಲ. ಅವಳದ್ದು ಬರ್ತದಾ? ಹೋಗುವಾಗ ಎಂತ ಹೇಳಿದಳೋ, ಒಮ್ಮೆ ಹೇಳು."

ನಾನು ಹೇಳಿದೆ. ಕಣ್ಣು ಮುಚ್ಚಿ, ನನ್ನನ್ನು ಸೊಂಟದಲ್ಲಿ ಹೊತ್ತವಳ ಆ ಸ್ವಲ್ಪ ಮೂಗಿನ, ಮಾತಿನ ಕೊನೆಯಲ್ಲಿ ಎಳೆಯುವ ಸ್ವರದಲ್ಲಿ, ಕೊಂಕಣಿಯಲ್ಲಿ ಹೇಳಿದೆ: ಅಮ್ಮ, ನಾನು ಹೋಗುತ್ತಿದ್ದೇನೆ. ಮಗು ಚೆನ್ನಾಗಿದೆ. ತಲೆ ಒರೆಸಿಕೊಳ್ಳುತ್ತೇನೆ, ನೀನು ಚಿಂತೆ ಮಾಡಬೇಡ. ಬಾಯಮ್ಮನ ಬೆರಳುಗಳು ಮಡಿಲಿನ ಹೂವಿನಲ್ಲಿ ಅಲುಗದೆ ಇದ್ದವು. "ಇನ್ನೊಮ್ಮೆ," ಎಂದರು. ಇನ್ನೊಮ್ಮೆ ಹೇಳಿದೆ. ಸುಳ್ಳಲ್ಲ, ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಯಾರ ಸ್ವರವನ್ನೂ ತೆಗೆದಿಲ್ಲ. ಬಾವಿಕಟ್ಟೆಯಲ್ಲಿ ಗಿಡಕ್ಕೆ ನೀರು ಸೇದುತ್ತಿದ್ದ ಲಾದ್ರು ಪೊರ್ಬುಗಳ ಕೈಯಿಂದ ಹಗ್ಗ ಜಾರಿ, ಕೊಡಪಾನ ದಡಬಡ ಬಾವಿಗೆ ಬಿತ್ತು. "ಎವ್ಜಿನ್! ಎವ್ಜಿನ್ ಬಂದಳಾ?" ಎಂದು ಅವರು ಒದ್ದೆ ಕಾಲಿನಲ್ಲಿ ಓಡಿ ಬಂದು ಬಾಗಿಲಲ್ಲಿ ನಿಂತರು. ಒಳಗೆ ನಾವಿಬ್ಬರೇ ಇದ್ದೆವು.