ಕಾಕಾರ ದೊಡ್ಡ ಅಕ್ಷರಗಳು ಹಾವೇರಿಗೆ ಬಂದ ದಿನ

ನಾನು ನಿಂತಿದ್ದು ಹಾವೇರಿಯ ನಮ್ಮ ಮುಖ್ಯ ಕಚೇರಿಯ ಮೊದಲ ಮಹಡಿಯಲ್ಲಿ, ಹೊಸ ಯಂತ್ರದ ಎಡಬದಿಗೆ, ಪ್ರತಿಗಳು ಬಂದು ಬೀಳುವ ತಟ್ಟೆಯ ಪಕ್ಕದಲ್ಲಿ. ೨೦೦೯ರ ಮೆಣಸಿನಕಾಯಿ ಸುಗ್ಗಿ ಇನ್ನೂ ನಡೆದಿತ್ತು. ಅಂದು ಶುಕ್ರವಾರ, ಬ್ಯಾಡಗಿ ಪೇಟೆಯಲ್ಲಿ ಟೆಂಡರ್ ಇಲ್ಲದ ದಿನ. ಹಾಗಾಗಿಯೇ ಮೂರೂ ಊರಿನ ನಾವು ಒಂದೆಡೆ ಸೇರಲು ಆಗಿತ್ತು. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಯಂತ್ರದ ಮುಂದೆ ಕಾಕಾ ನಿಂತಿದ್ದರು. ಅವರ ಮುಖದ ಒಂದು ಬದಿ ನನಗೆ ಕಾಣುತ್ತಿತ್ತು. ಅವರ ಬೆನ್ನ ಹಿಂದೆ ನಮ್ಮ ಒಡೆಯರಾದ ಸಾವುಕಾರರು ಇದ್ದರು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಈ ಸಂಗತಿಯನ್ನು ಅಲ್ಲಿ ಇಲ್ಲದವರೇ ಹೆಚ್ಚು ಹೇಳಿದ್ದಾರೆ.

ನಮ್ಮದು ಮೆಣಸಿನಕಾಯಿ ಕೊಂಡು, ತೊಟ್ಟು ಮುರಿಸಿ, ಪುಡಿ ಮಾಡಿಸಿ ಮಾರುವ ಕಂಪನಿ. ಖರೀದಿ ಬ್ಯಾಡಗಿಯಲ್ಲಿ, ಪುಡಿ ಮಾಡುವ ಕಾರ್ಖಾನೆ ರಾಣೆಬೆನ್ನೂರಿನಲ್ಲಿ, ಲೆಕ್ಕಪತ್ರ ಮತ್ತು ಸಾವುಕಾರರ ಕುರ್ಚಿ ಹಾವೇರಿಯಲ್ಲಿ. ನಾನು ರಾಣೆಬೆನ್ನೂರಿನ ಕಾರ್ಖಾನೆಯಲ್ಲಿ ಬಂದ ಮಾಲು, ಹೋದ ಮಾಲು ಬರೆದುಕೊಳ್ಳುವ ಗುಮಾಸ್ತ. ಕಾಕಾ ಬ್ಯಾಡಗಿಯಲ್ಲಿ ಮಾಲು ನೋಡುವವರು. ಸಾವುಕಾರರ ತಂದೆಯ ಕಾಲದಿಂದಲೂ ಅವರದು ಅದೇ ಕೆಲಸ. ಟೆಂಡರ್ ದಿನ ಬೆಳಿಗ್ಗೆ ದಲಾಲಿ ಅಂಗಡಿಗಳ ಮುಂದೆ ರಾಶಿಗಳು ಬೀಳುತ್ತವೆ. ಕಾಕಾ ಒಂದೊಂದು ರಾಶಿಯ ಮುಂದೆ ನಿಂತು ಒಂದು ಹಿಡಿ ಎತ್ತಿ, ಬಣ್ಣ ನೋಡಿ, ಸುಕ್ಕು ನೋಡಿ, ಒಂದು ಕಾಯಿ ಮುರಿದು ಮೂಸಿ ಮುಂದಕ್ಕೆ ಹೋಗುತ್ತಿದ್ದರು. ಅವರು ಹೇಳಿದ ದರವನ್ನೇ ನಾವು ಟೆಂಡರ್‌ಗೆ ಬರೆಯುತ್ತಿದ್ದೆವು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಹಮಾಲರಿಂದ ಸಾವುಕಾರರವರೆಗೆ ಎಲ್ಲರಿಗೂ ಅವರು ಕಾಕಾ.

ಆ ಯಂತ್ರದ ಬಗ್ಗೆಯೂ ಹೇಳಬೇಕು. ನಕಲು ತೆಗೆಯುವುದು, ಪ್ರಿಂಟ್ ಹಾಕುವುದು, ಕಾಗದವನ್ನು ಸ್ಕ್ಯಾನ್ ಮಾಡಿ ಬೇರೆ ಊರಿಗೆ ಕಳಿಸುವುದು, ಎಲ್ಲವೂ ಅದೊಂದರಲ್ಲೇ. ಅಂಥದ್ದು ಮೊದಲು ಬಂದದ್ದು ಬ್ಯಾಡಗಿಗೆ. ಅದಕ್ಕಿಂತ ಮುಂಚೆ, ಯಾವ ರಾಶಿ, ಎಷ್ಟು ಚೀಲ, ಏನು ದರ ಎಂದು ಬರೆದ ಲಾಟ್ ಪಟ್ಟಿಗಳು ಲಕೋಟೆಯಲ್ಲಿ, ಬಸ್ ಕಂಡಕ್ಟರರ ಕೈಯಲ್ಲಿ ಹಾವೇರಿಗೆ ಹೋಗುತ್ತಿದ್ದವು. ಯಂತ್ರದಲ್ಲಿ ಪ್ರತಿಯೊಬ್ಬ ನೌಕರನಿಗೂ ಒಂದು ನಂಬರ್ ಇತ್ತು. ನಂಬರ್ ಒತ್ತಿದರೆ ಅವನಿಗೆ ಬೇಕಾದಂತೆ ಹೊಂದಿಸಿಟ್ಟ ಪರದೆ ತೆರೆದುಕೊಳ್ಳುತ್ತಿತ್ತು. ನನಗೆ ಎರಡೂ ಮಗ್ಗುಲಿನ ಪ್ರತಿ ಬೇಕು, ಇನ್ನೊಬ್ಬರಿಗೆ ಸಣ್ಣ ಹಾಳೆ; ಹೀಗೆ ಅವರವರ ಅನುಕೂಲ ಅವರವರ ನಂಬರಿನ ಹಿಂದೆ ಇರುತ್ತಿತ್ತು. ಆ ವರ್ಷ ಅದೇ ಮಾದರಿಯ ಎರಡು ಯಂತ್ರಗಳು ರಾಣೆಬೆನ್ನೂರಿಗೂ ಹಾವೇರಿಗೂ ಬಂದವು. ಹುಬ್ಬಳ್ಳಿಯಿಂದ ಬಂದ ಇಂಜಿನಿಯರ್ ಮೂರನ್ನೂ ಒಂದೇ ಜಾಲಕ್ಕೆ ಕೂಡಿಸಿದ. ಲಾಟ್ ಪಟ್ಟಿ ಕಳಿಸುವ ಪುಟ್ಟ ಸಾಫ್ಟ್‌ವೇರನ್ನು ಒಂದಕ್ಕೆ ಹಾಕಿದರೆ ಉಳಿದೆರಡಕ್ಕೂ ತಾನಾಗಿ ಹೋಗುತ್ತಿತ್ತು. ನಂಬರುಗಳೂ ಹಾಗೆಯೇ, ಅವುಗಳ ಹಿಂದಿನ ಹೊಂದಾಣಿಕೆಗಳೂ ಹಾಗೆಯೇ.

"ಒಂದಕ್ಕ ಕಲಿಸಿದ್ರ ಮೂರೂ ಕಲೀತಾವ್ರಿ ಸಾವ್ಕಾರ," ಎಂದ ಆತ. ಹುಡುಗು ಮುಖದ, ಖುಷಿಯ ಮನುಷ್ಯ.

ಹಾವೇರಿಯ ಯಂತ್ರಕ್ಕೆ ಅಂದು ಪೂಜೆ. ಜವಾನ ಅದರ ಹಣೆಗೆ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಕಾಯಿ ಒಡೆಯಲು ಅಲ್ಲೇ ಬಗ್ಗಿದಾಗ ಇಂಜಿನಿಯರ್ ಓಡಿ ಬಂದು ಕೈ ಹಿಡಿದ.

"ಎಪ್ಪಾ, ಕಾಯಿ ನೀರ ಒಳಗ ಹೋದ್ರ ನಾ ಹುಬ್ಬಳ್ಳಿಗೆ ಹೋಗೂದಿಲ್ಲ, ಇಲ್ಲೇ ನಿಮ್ಮ ಕೂಡ ಉಳೀಬೇಕಾಕ್ಕತಿ!"

"ಉಳೀರಿ, ಕನ್ಯಾ ನೋಡೂಣು," ಎಂದ ಜವಾನ. ಎಲ್ಲರೂ ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕರು. ಕಾಯಿಯನ್ನು ಹೊರಗೆ ಮೆಟ್ಟಿಲ ಮೇಲೆ ಒಡೆದರು.

ನಮ್ಮಲ್ಲಿ ಹೊಸ ಯಂತ್ರವೇ ಬರಲಿ, ಹೊಸ ತಕ್ಕಡಿಯೇ ಬರಲಿ, ಮೊದಲ ಕೈ ಹಿರಿಯರದು. ಕಾರ್ಖಾನೆಯ ಗಿರಣಿಯನ್ನೂ ಕಾಕಾ ಅವರೇ ಚಾಲೂ ಮಾಡಿದ್ದರು. ಆದ್ದರಿಂದ ಸಾವುಕಾರರು, "ಬರ್ರಿ ಕಾಕಾ, ನಿಮ್ಮ ಕೈ ಬೀಳ್ಲಿ," ಎಂದಾಗ ಅದರಲ್ಲಿ ಯಾರಿಗೂ ಏನೂ ವಿಶೇಷ ಕಾಣಲಿಲ್ಲ.

"ನನಗ್ಯಾಕ್ರಿ? ನಾ ಬ್ಯಾಡಗಿ ಮಷಿನ್ನಿನ ಮನಷ್ಯಾ. ಇಲ್ಲಿಯವ್ರು ಯಾರರ ಮಾಡ್ಲಿ."

"ಮದಿವ್ಯಾಗಿನ ಮದಲಿಂಗನಂಗ ನಾಚಬ್ಯಾಡ್ರಿ ಕಾಕಾ," ಎಂದು ಹಿಂದಿನಿಂದ ಯಾರೋ ಅಂದರು.

"ಬ್ಯಾಡಗಿ ಮಷಿನ್ನು, ಹಾವೇರಿ ಮಷಿನ್ನು ಅನ್ನೂದು ಇನ್ನ ಮುಂದ ಇಲ್ರಿ," ಎಂದ ಇಂಜಿನಿಯರ್. "ನಿಮ್ಮ ನಂಬರ್ ಹೊಡೀರಿ. ಅಲ್ಲಿ ಹೆಂಗಿತ್ತು, ಇಲ್ಲೂ ಹಂಗ ಬರತೈತಿ."

ಆಗ ಬ್ಯಾಡಗಿ ಕಚೇರಿಯ ಅಕ್ಕಾರು ಮುಂದೆ ಬಂದರು. ಅಲ್ಲಿನ ಯಂತ್ರ, ಫೋನು, ಕಾಗದಪತ್ರ ಎಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಸಾಮಾನ್ಯವಾಗಿ ಸಾವುಕಾರರ ಮುಂದೆ ಮಾತಾಡುವವರಲ್ಲ. "ಒಂದ ನಿಮಿಷ ತಡೀರಿ ಸರ್, ಮೊದ್ಲ ನನ್ನ ನಂಬರ್ ಹಾಕಿ ನೋಡೂಣ್ರಿ," ಎಂದರು. ಅವರ ದನಿಯಲ್ಲಿ ಯಾಕೆ ಅಷ್ಟು ಆತುರವಿತ್ತೆಂದು ನನಗೆ ಆಗ ತಿಳಿಯಲಿಲ್ಲ.

"ಕಾಕಾ ಆದಮ್ಯಾಲ ನೀವು, ಅಕ್ಕಾರ," ಎಂದರು ಸಾವುಕಾರರು.

ಕಾಕಾ ಕೈ ಚಾಚಿದರು. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರು ಅಂಕಿಗಳನ್ನು ನೋಡಲಿಲ್ಲ. ಐದರ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ. ಬೆರಳು ಮೊದಲು ಅದನ್ನು ಹುಡುಕಿ, ಅಲ್ಲಿಂದ ಮೇಲಕ್ಕೆ, ಪಕ್ಕಕ್ಕೆ ಸರಿದು ನಾಲ್ಕು ಅಂಕಿ ಒತ್ತಿತು.

ಪರದೆ ಕಪ್ಪಾಯಿತು. ಕೆಟ್ಟಿತೇನೋ ಎಂದುಕೊಂಡೆ. ಕಪ್ಪಿನ ಮೇಲೆ ಬಿಳಿಯ ಅಕ್ಷರಗಳು ಮೂಡಿದವು. ನಮ್ಮೆಲ್ಲರ ಪರದೆಯಲ್ಲಿ ಗುಂಡಿಗಳು ಕಿಕ್ಕಿರಿದಿರುತ್ತಿದ್ದವು. ಇಲ್ಲಿ ಮೂರೇ ಇದ್ದವು, ಒಂದೊಂದೂ ಅಂಗೈಯಷ್ಟು.

"ನೋಡ್ರಿ! ಹೆಂಗ ಬಂತು!" ಎಂದ ಇಂಜಿನಿಯರ್. ಅವನ ಖುಷಿ ನಿಜವಾದದ್ದು. ಅವನಿಗೆ ಏನೂ ಗೊತ್ತಿರಲಿಲ್ಲ.

ಸಾವುಕಾರರು ಮೇಜಿನ ಮೇಲಿಂದ ಒಂದು ಹಾಳೆ ಎತ್ತಿಕೊಟ್ಟು, "ಇದರದೊಂದು ಕಾಪಿ ತಗೀರಿ," ಎಂದರು. ಅದು ಆ ವಾರವೇ ಮುಗಿದಿದ್ದ ಸೋಮವಾರದ ಟೆಂಡರಿನ ಲಾಟ್ ಪಟ್ಟಿ, ಸಣ್ಣ ಅಕ್ಷರಗಳಲ್ಲಿ ಒತ್ತೊತ್ತಾಗಿ ಪ್ರಿಂಟ್ ಆದದ್ದು. ಕಾಕಾ ಅದನ್ನು ಗಾಜಿನ ಮೇಲಿಟ್ಟು ನಡುವಿನ ದೊಡ್ಡ ಗುಂಡಿ ಒತ್ತಿದರು. ನನ್ನ ಪಕ್ಕದ ತಟ್ಟೆಗೆ ಹಾಳೆಯ ಎರಡರಷ್ಟು ದೊಡ್ಡದೊಂದು ಪ್ರತಿ ಬಿತ್ತು. ಅಂಕಿಗಳು ಗೋಡೆಯ ಮೇಲೆ ಬರೆದಂತೆ ದಪ್ಪಗೆ, ಕಡುಗಪ್ಪಾಗಿದ್ದವು. ಎತ್ತಿಕೊಂಡೆ. ಕಾಗದ ಬೆಚ್ಚಗಿತ್ತು. ಅಂಥ ಹಾಳೆಗಳನ್ನು ಬ್ಯಾಡಗಿಯಲ್ಲಿ ಅವರ ಮೇಜಿನ ಮೇಲೆ ಹಿಂದೆಯೂ ನೋಡಿದ್ದೆ. ಗೋಡೆಗೆ ಅಂಟಿಸಲು ಇರಬೇಕೆಂದು ತಿಳಿದಿದ್ದೆ.

"ಇಷ್ಟ ದೊಡ್ಡದು ಯಾಕ್ರಿ ಕಾಕಾ?" ಎಂದು ಕೇಳಿದರು ಸಾವುಕಾರರು.

"ಹಮಾಲರಿಗೆ ತೋರ್ಸಾಕ್ರಿ. ಅವಕ್ಕೇನು ಓದಾಕ ಬರತೈತಿ?"

"ಓದಾಕ ಬರದವಗ ದೊಡ್ಡದಾದ್ರೇನು, ಸಣ್ಣದಾದ್ರೇನು?" ಎಂದು ಸಾವುಕಾರರು ನಕ್ಕರು. ಆಗ ಅದು ಇನ್ನೂ ನಗೆಯೇ ಆಗಿತ್ತು. ಗಾಜಿನ ಮೇಲಿದ್ದ ಮೂಲ ಹಾಳೆಯನ್ನು ತೆಗೆದು ಕಾಕಾರ ಕೈಗೆ ಕೊಟ್ಟು, "ಹಂಗಾದ್ರ ಇದನ್ನ ಓದ್ರಿ ನೋಡೂಣು," ಎಂದರು.

ಕಾಕಾ ಹಾಳೆಯನ್ನು ತುಸು ದೂರ ಹಿಡಿದು ಓದತೊಡಗಿದರು. ಲಾಟ್ ಸಂಖ್ಯೆ, ಚೀಲ, ತಳಿ ಕಡ್ಡಿಯೋ ಡಬ್ಬಿಯೋ, ದರ. ತಡವರಿಸಲಿಲ್ಲ. ನಾನು ಕೈಯಲ್ಲಿದ್ದ ದೊಡ್ಡ ಪ್ರತಿಯ ಮೇಲೆ ಅವರ ಮಾತನ್ನು ಹಿಂಬಾಲಿಸಿದೆ. ಒಂದು ಸಾಲೂ ಕೂಡಲಿಲ್ಲ. ಎರಡನೆಯ ಸಾಲಿಗೆ ಹೋದೆ, ಕೊನೆಗೆ ಹೋದೆ, ಎಲ್ಲಿಯೂ ಇಲ್ಲ. ಆಮೇಲೆ ಹೊಳೆಯಿತು. ಅವರು ಹೇಳುತ್ತಿದ್ದುದು ಹಿಂದಿನ ದಿನದ, ಗುರುವಾರದ ಪಟ್ಟಿ. ಅಷ್ಟನ್ನೂ ಬಾಯಿಪಾಠ ಹೇಳುತ್ತಿದ್ದರು, ಕೈಯಲ್ಲಿದ್ದದ್ದು ಅದೇ ಎಂದು ನಂಬಿ.

ಸಾವುಕಾರರು ನನ್ನ ಕಡೆ ಕೈ ಚಾಚಿದರು. ದೊಡ್ಡ ಪ್ರತಿಯನ್ನು ಕೊಟ್ಟೆ. ಅವರು ಅದರ ಮೇಲೊಮ್ಮೆ ಕಣ್ಣಾಡಿಸಿದರು. ಕಾಕಾ ಇನ್ನೂ ಓದುತ್ತಿದ್ದರು. ಯಾರೂ ನಗುತ್ತಿಲ್ಲ ಎಂಬುದು ಅವರಿಗೆ ತಿಳಿದ ಕ್ಷಣ ನನಗೆ ಗೊತ್ತಾಯಿತು: ದನಿ ಒಂದು ದರದ ನಡುವೆ ನಿಂತಿತು. ಹಾಳೆಯನ್ನು ಹಾಗೇ ಹಿಡಿದುಕೊಂಡು, "ಯಾವ ದಿನದ್ದರಿ ಇದು?" ಎಂದು ಕೇಳಿದರು.

ಅಕ್ಕಾರು ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲ ಕಡೆ ಹೋದರು.

ಸಾವುಕಾರರು ಎಲ್ಲರನ್ನೂ ಊಟಕ್ಕೆ ಕಳಿಸಿದರು. ರಾಣೆಬೆನ್ನೂರಿನ ಯಂತ್ರ ತಲುಪಿದ್ದಕ್ಕೆ ನನ್ನ ಸಹಿ ಬೇಕಿತ್ತು. ಇಂಜಿನಿಯರ್ ಕಾಗದ ಹರಡಿಕೊಂಡು ಕುಳಿತಿದ್ದ. ಹಾಗಾಗಿ ಒಳಗೆ ಉಳಿದವರು ನಾವು ನಾಲ್ವರು. ಮುಂದಿನ ಮಾತು ನಾನು ಕೇಳಿದ್ದು.

"ಯಾವಾಗಿಂದ, ಕಾಕಾ?"

"ಎಡಗಣ್ಣು ಹ್ವಾದ ಸುಗ್ಗಿಗೇ ಹೋತ್ರಿ. ಬಲಗಣ್ಣಾಗ ಮಸಕ ಮಸಕ ಐತಿ. ಸಕ್ಕರಿ ಬ್ಯಾನಿದು. ಹೋದದ್ದು ತಿರುಗಿ ಬರೂದಿಲ್ಲ ಅಂದಾರ."

ಸಾವುಕಾರರು ಕೈಯಲ್ಲಿದ್ದ ದೊಡ್ಡ ಪ್ರತಿಯನ್ನು ಮಡಚಿ ಮೇಜಿನ ಮೇಲಿಟ್ಟರು. ಆ ಸುಗ್ಗಿಯ ಮೊದಲಲ್ಲಿ ಬೇರೆ ತಳಿ ಬೆರೆತ ಒಂದು ಲಾಟ್ ರಾಣೆಬೆನ್ನೂರಿಗೆ ಬಂದಿತ್ತು. ತೊಟ್ಟು ಮುರಿಯುವ ಹೆಣ್ಣುಮಕ್ಕಳು ಚೀಲ ಸುರಿದ ಕೂಡಲೇ ಹಿಡಿದರು. ಅದನ್ನು ಬರೆದು ಕಳಿಸಿದವನು ನಾನೇ. ಆಮೇಲೆ ಬೆರೆಸಿದ್ದಾನೆಂದು ಒಬ್ಬ ದಲಾಲಿ ಅಂಗಡಿಯವನ ಮೇಲೆ ಸಾವುಕಾರರು ಪೇಟೆಯ ನಡುವೆ ಬಾಯಿ ಮಾಡಿ ಬಂದಿದ್ದರು.

"ಹಂಗಾರ ಆ ಲಾಟು…?"

"ಅವ ಕದ್ದು ಬೆರಸಿದ್ದಲ್ಲರಿ. ಬ್ಯಾರೆ ಕಾಯಿ ರಾಶಿ ಮ್ಯಾಲ ಇತ್ತಂತ. ನನಗ ಕಾಣಲಿಲ್ಲ."

"ನನಗೊಂದ ಮಾತ ಹೇಳಬಾರದಿತ್ತೇನು? ಅಪ್ಪನ ಸರಿ ಕುಂತಾವ್ರು ನೀವು."

"ಹೇಳಿದ್ರ ಮನ್ಯಾಗ ಕುಂದರ್ರಿ ಅಂತಿದ್ರಿ. ಪಗಾರನೂ ಮನಿಗೆ ಕಳಸ್ತಿದ್ರಿ, ನಿಮ್ಮನ್ನ ನಾ ಬಲ್ಲೆ. ಮನ್ಯಾಗ ಕುಂತು ನಾ ಏನಾಗ್ಲಿ ಸಾವ್ಕಾರ? ರಾಶಿ ಮುಂದ ನಿಂತ್ರ ನಾ ಕಾಕಾ."

ಇಂಜಿನಿಯರ್ ತಲೆ ತಗ್ಗಿಸಿ ತುಂಬಿದ ಕಾಗದವನ್ನೇ ಮತ್ತೆ ತುಂಬುತ್ತಿದ್ದ.

ಆ ಪರದೆಯನ್ನು ಹಾಗೆ ಹೊಂದಿಸಿ ಕೊಟ್ಟವರು ಅಕ್ಕಾರು; ಇದನ್ನು ಆಮೇಲೆ ಅವರೇ ನನಗೆ ಹೇಳಿದರು. ಬೇಡದ ಗುಂಡಿಗಳನ್ನು ಒಂದೊಂದಾಗಿ ತೆಗೆದು, ಅಕ್ಷರ ಹಿಗ್ಗಿಸಿ, ಬಿಳಿ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಕಪ್ಪು ಮಾಡಿಕೊಟ್ಟಿದ್ದರು. ಟೆಂಡರ್ ದಿನ ಬೆಳಿಗ್ಗೆ ಕಾಕಾ ಪೇಟೆಯ ಪಟ್ಟಿಯನ್ನು ದೊಡ್ಡದಾಗಿಸಿ, ಬಾಗಿಲು ಮುಂದೆ ಮಾಡಿಕೊಂಡು, ಓದಿ ನೆನಪಿಟ್ಟುಕೊಂಡು ಹೊರಡುತ್ತಿದ್ದರಂತೆ. ಒಂದೇ ಯಂತ್ರ ಇದ್ದಷ್ಟು ದಿನ ಅದು ಅವರಿಬ್ಬರ ನಡುವೆಯೇ ಇತ್ತು. ಜಾಲ ಕೂಡಿಸುವಾಗ ಯಾರ ಹೊಂದಾಣಿಕೆ ಹೋಗಬೇಕು, ಯಾರದು ಬೇಡ ಎಂದು ಯಾರೂ ಕೇಳಲಿಲ್ಲ. ಅದು ಕೇಳುವಂಥ ಮಾತೆಂದು ನಮಗೂ ಅನಿಸಿರಲಿಲ್ಲ.

ರಾಣೆಬೆನ್ನೂರಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ನಮ್ಮ ಯಂತ್ರದಲ್ಲಿ ಕಾಕಾರ ನಂಬರ್ ಒತ್ತಿದೆ. ಬೆರಳು ಹೋದ ದಾರಿ ನನಗೆ ನೆನಪಿತ್ತು. ಪರದೆ ಕಪ್ಪಾಗಿ ಆ ಮೂರು ಗುಂಡಿಗಳು ಬಂದವು. ಎಷ್ಟು ಹಿಂದೆ ಸರಿದರೆ ನನಗೂ ಇವು ಮಸುಕಾದಾವು ಎಂದು ಸರಿಯುತ್ತ ಹೋದೆ. ಗೋಡೆಗೆ ಬೆನ್ನು ತಗುಲಿತು. ಆಗಲೂ ಸ್ಪಷ್ಟವಾಗಿ ಕಾಣುತ್ತಿದ್ದವು. ಮತ್ತೆ ಯಾವತ್ತೂ ಆ ನಂಬರ್ ಒತ್ತಲಿಲ್ಲ.

ಸಾವುಕಾರರು ಕಾಕಾರನ್ನು ಕೆಲಸದಿಂದ ತೆಗೆಯಲಿಲ್ಲ. ಆ ಅಂಗಡಿಯವನ ಬಳಿಗೆ ತಾವೇ ಹೋಗಿ ತಪ್ಪಾಯಿತೆಂದರು. ಆದರೆ ತಪ್ಪು ಯಾರದೆಂದು ಹೇಳದೆ ಹಾಗೆನ್ನಲು ಆಗಲಿಲ್ಲ. ಪೇಟೆಗೆ ಗೊತ್ತಾದದ್ದು ಹಾಗೆ. ಸೋಮವಾರ ಹೊಸಬನೊಬ್ಬ ಮಾಲು ನೋಡಲು ಬಂದ. ಕಾಕಾ ಅವನ ಜೊತೆಗೆ ಹೋದರು. ಅವರನ್ನು ಕಂಡರೆ ಮೊದಲೆಲ್ಲ ಹಮಾಲರು, "ಕಾಕಾ ಬಂದ್ರಲೇ, ರಾಶಿ ಮುಚ್ಚರಿ, ದೃಷ್ಟಿ ಆದೀತು," ಎಂದು ಚೇಷ್ಟೆ ಮಾಡುತ್ತಿದ್ದರು. ಅಂದು ಯಾರೂ ಚೇಷ್ಟೆ ಮಾಡಲಿಲ್ಲ. ಒಬ್ಬ ಮುದಿ ಹಮಾಲ ಮೆಲ್ಲಗೆ ಅವರ ತೋಳು ಹಿಡಿದು, "ಇಲ್ಲಿ ಕಲ್ಲೈತ್ರಿ, ನೋಡಿ ಬರ್ರಿ," ಎಂದ. ಕಾಕಾ ತೋಳನ್ನು ಬಿಡಿಸಿಕೊಂಡರು. ಒಂದು ರಾಶಿಯ ಮುಂದೆ ನಿಂತು ಹಿಡಿ ಎತ್ತಿ, ಕಾಯಿ ಮುರಿದು ಮೂಸಿ, ದರ ಹೇಳಿದರು. ಹೊಸಬ ಅದನ್ನು ಬರೆದುಕೊಳ್ಳುವ ಮೊದಲು ತಾನೂ ಒಂದು ಹಿಡಿ ಎತ್ತಿ ನೋಡಿದ. ಅವನದೇನೂ ತಪ್ಪಿಲ್ಲ, ಅದು ಅವನ ಕೆಲಸ. ಕಾಕಾ ಕೈಯಲ್ಲಿದ್ದ ಕಾಯಿಗಳನ್ನು ರಾಶಿಯ ಮೇಲೆ ಬಿಟ್ಟು, ಅಂಗೈ ಒರೆಸಿಕೊಂಡು, ಅಲ್ಲಿಂದ ನೇರ ಬಸ್ ನಿಲ್ದಾಣಕ್ಕೆ ನಡೆದರಂತೆ. ಇದನ್ನು ನಾನು ಕಂಡಿಲ್ಲ. ಅಕ್ಕಾರು ಕಂಡು ನನಗೆ ಹೇಳಿದ್ದು.

ಕಾಕಾ ಮತ್ತೆ ಪೇಟೆಗೆ ಬರಲಿಲ್ಲ. ಕಾಗಿನೆಲೆ ಕಡೆಯ ಅವರ ಹಳ್ಳಿಗೆ ನಾನು ಒಮ್ಮೆ ಹೋಗಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದರು. ದನಿಯಿಂದ ಗುರುತು ಹಿಡಿದು, "ಬಾ ತಮ್ಮಾ, ರಾಣಿಬೆನ್ನೂರ ಮಳಿ ಹೆಂಗೈತಿ?" ಎಂದರು. ಪೇಟೆಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮರುವರ್ಷದ ಸುಗ್ಗಿ ಶುರುವಾಗುವ ಮುಂಚೆಯೇ ತೀರಿಕೊಂಡರು.

ಈಗ ಪೇಟೆಯಲ್ಲಿ ಅವರ ಮಾತು ಬಂದರೆ ಹೊಸ ತಲೆಮಾರಿನವರು "ಆ ಕುರುಡ ಕಾಕಾ" ಎನ್ನುತ್ತಾರೆ. ಯಾವ ಮಾತು ತಮ್ಮ ಹಿಂದೆ ಉಳಿಯಬಾರದೆಂದು ಅವರು ಅಷ್ಟು ಕಷ್ಟಪಟ್ಟರೋ, ಉಳಿದದ್ದು ಅದೊಂದೇ. ಅಷ್ಟು ವರ್ಷ ಅವರು ಕಣ್ಣಿದ್ದು ನೋಡಿದ ರಾಶಿಗಳ ಮಾತನ್ನು ಯಾರೂ ಎತ್ತುವುದಿಲ್ಲ.

ಅಂದು ಹಾವೇರಿಯ ಆ ಕೋಣೆಯಲ್ಲಿ ಇದ್ದವರಲ್ಲಿ ಸಾವುಕಾರರು ಈಗಿಲ್ಲ. ಪೂಜೆಗೆ ನಿಂತಿದ್ದ ಅಲ್ಲಿನ ಲೆಕ್ಕಿಗರೂ ಇಲ್ಲ. ಇಂಜಿನಿಯರ್ ಎಲ್ಲಿದ್ದಾನೋ ತಿಳಿಯದು. ಜವಾನ ಇದ್ದಾನೆ, ಹಾವೇರಿ ಬಸ್ ನಿಲ್ದಾಣದ ಎದುರು ಚಹಾ ಅಂಗಡಿ ಇಟ್ಟಿದ್ದಾನೆ. ಕೇಳಿದರೆ ಹೇಳುತ್ತಾನೆ, ಆದರೆ ಕೇಳದೆ ಹೇಳುವುದಿಲ್ಲ. ಅಕ್ಕಾರು ಬ್ಯಾಡಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಾಕಾರಿಗೆ ಕೊನೆಯವರೆಗೂ ಮೆಣಸಿನಕಾಯಿಯ ಕೆಂಪು ಕಾಣುತ್ತಿತ್ತು ಎಂದು ಅವರು ಇಂದಿಗೂ ಹೇಳುತ್ತಾರೆ. ಕಾಣುತ್ತಿರಲಿಲ್ಲ ಎಂದು ನಾನು ಹೇಳುತ್ತೇನೆ. ಅಂದು ಅಲ್ಲಿದ್ದು ಈಗ ಉಳಿದವರಲ್ಲಿ ಮೂರನೆಯವನು ನಾನು.